ಬೇಕರಿಯಮ್ಮನ ನೂರಾ ನಾಲ್ಕು

ಒದ್ದೆ ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಬೇಕರಿಯಮ್ಮನ ಕೈಯಲ್ಲಿ. ಎದುರುಬದುರು ನಿಂತವರು ಇಬ್ಬರೂ ಬಲಕ್ಕೇ ತಿರುಚಬೇಕು, ಆಗಲೇ ಬಟ್ಟೆ ಹುರಿಗೊಳ್ಳುವುದು. ಒಬ್ಬರು ಬಲಕ್ಕೆ ಇನ್ನೊಬ್ಬರು ಎಡಕ್ಕೆ ತಿರುಚಿದರೆ ಬಟ್ಟೆ ಸುಮ್ಮನೆ ಉರುಳುತ್ತದೆ, ಒಂದು ಹನಿ ನೀರೂ ಇಳಿಯುವುದಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು ನಾನು. ಇದನ್ನು ಆಕೆಗೆ ನಾನೇ ಹೇಳಿಕೊಟ್ಟಿದ್ದೆ. ಭಾರ ಎತ್ತಬಾರದು ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು. ಹಿಂಡಬಾರದು ಎಂದು ಹೇಳಿರಲಿಲ್ಲ.

ಎರಡು ಸುತ್ತು ತಿರುಚುವಷ್ಟರಲ್ಲಿ ಆಕೆ ಕಾಲಿನಿಂದ ಬಕೆಟ್ಟನ್ನು ಬೋರಲು ಮಾಡಿ ಅದರ ಮೇಲೆ ಕುಳಿತಳು.

“ಇಷ್ಟಕ್ಕೇ ಸುಸ್ತಾ? ಮಹಾರಾಣಿ ಹಾಗೆ ಕೂತ್ಬಿಟ್ಟೆಯಲ್ಲೇ” ಎಂದೆ.

“ರಾಣಿ ಕೂಡ ಕೂತ್ಕೋತಾಳೆ ಅಕ್ಕಾ. ನೀನೂ ಕೂತ್ಕೋ. ಬಟ್ಟೆ ಓಡಿಹೋಗಲ್ಲ.”

ಅಷ್ಟರಲ್ಲಿ ಸೈರನ್ ಕೂಗಿತು. ನನ್ನ ಎದೆ ಡವಡವ ಎಂದಿತು. ಬೆರಳು ಸಡಿಲವಾಗಿ ನನ್ನ ಕಡೆಯ ತುದಿ ಹಿತ್ತಲಿನ ಮಣ್ಣಿಗೆ ಬಿತ್ತು. ಆಕೆಯ ಕಡೆಯದು ಆಕೆಯ ಕೈಯಲ್ಲೇ ಇತ್ತು. ನಿಧಾನವಾಗಿ ಎದ್ದಳು, ಮಣ್ಣಾದ ತುದಿಯನ್ನು ನೋಡಿದಳು, “ಇನ್ನೊಂದು ಸಲ ಒಗೀಬೇಕು” ಎಂದಷ್ಟೇ ಹೇಳಿ ನನ್ನ ತೋಳು ಹಿಡಿದು ಒಳಗೆ ನಡೆಸಿಕೊಂಡು ಬಂದಳು. ನಾನು ಓಡಬೇಕೆಂದರೂ ಆಕೆ ಓಡಲು ಬಿಡಲಿಲ್ಲ. ಎಂಥ ತಾಳ್ಮೆ! ನನ್ನ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು.

ಯುದ್ಧ ಶುರುವಾದ ಮೇಲೆ ಹೃದಯದ ಕಾಯಿಲೆಯವರನ್ನೆಲ್ಲ ಆಸ್ಪತ್ರೆಯ ಸುತ್ತಮುತ್ತಲ ಕಟ್ಟಡಗಳ ಕೆಳಮನೆಗಳಿಗೆ ತಂದು ಇರಿಸಿದ್ದರು. ಸೈರನ್ ಕೂಗಿದಾಗ ಮಹಡಿಯಿಂದ ಮಹಡಿಗೆ ಇಳಿಯುವ ಗೋಳು ಇರಬಾರದೆಂದು ಹೀಗೆ ಮಾಡಿದ್ದರು. ನಮ್ಮ ಕಟ್ಟಡದಲ್ಲಿ ನಾಲ್ವರಿದ್ದೆವು. ಬೀದಿಯವರು ಅದಕ್ಕೆ ಡವಡವ ಬಿಲ್ಡಿಂಗ್ ಎಂದು ಹೆಸರಿಟ್ಟಿದ್ದರು. ಮೆಟ್ಟಿಲಿನ ಕೆಳಗೆ, ದಪ್ಪ ಗೋಡೆಗಳ ನಡುವೆ, ಎರಡು ಬೆಂಚು ಹಾಕಿ ಕೊಟ್ಟಿದ್ದರು. ಸೈರನ್ ಕೂಗಿದರೆ ಅಲ್ಲಿ ಕೂರುವುದು, ನಿಂತರೆ ಎದ್ದು ಹೋಗುವುದು.

ನಾಲ್ವರೂ ನಾಲ್ಕು ದಿಕ್ಕಿನವರು. ಗಡಿಯಾರ ರಿಪೇರಿಯವರು ದೂರದ ಚಳಿ ನಾಡಿನಿಂದ ಚಿಕ್ಕವರಿದ್ದಾಗಲೇ ಬಂದು ನೆಲೆಸಿದವರು. ಅವರ ಕಡೆ ಭಯವಾದರೆ ಭಯವಾಯಿತು ಎನ್ನುವುದು ಅಸಭ್ಯವಂತೆ, ನಗೆಮಾತು ಆಡಿ ಮುಗಿಸಬೇಕಂತೆ. “ಇವತ್ತು ಎರಡು ನಿಮಿಷ ಲೇಟು. ಶತ್ರುವಿನ ಗಡಿಯಾರಕ್ಕೆ ಎಣ್ಣೆ ಬಿಡ್ಬೇಕು” ಎಂದು ಮುಖ ಬಿಗಿದುಕೊಂಡೇ ಹೇಳುವರು. ಬಸ್ ಡ್ರೈವರ್ ಆಗಿ ನಿವೃತ್ತರಾದವರದ್ದು ಇದಕ್ಕೆ ತದ್ವಿರುದ್ಧ. ಅವರ ಜನರಲ್ಲಿ ಭಯವನ್ನು ಕೂಗಿ ಹೊರಗೆ ಹಾಕುತ್ತಾರೆ. ತಮ್ಮ ಭಾಷೆಯಲ್ಲಿ ದೇವರನ್ನು ಕರೆಯುವರು, ಅದೇ ಉಸಿರಿನಲ್ಲಿ ಬೈಯುವರು, ಸೈನ್ಯದಲ್ಲಿರುವ ಮಗನ ಹೆಸರು ಹಿಡಿದು ಅಳುವರು. ಆಮೇಲೆ ಮೂಗು ಒರೆಸಿಕೊಂಡು, “ಹ್ಞಾಂ, ಈಗ ಹಗುರಾಯ್ತು. ಯಾರ ಹತ್ರ ಬಿಸ್ಕೆಟ್ ಇದೆ?” ಎನ್ನುವರು.

ನಾನು ಇವೆರಡೂ ಅಲ್ಲ. ‘ತಾಳಿದವನು ಬಾಳಿಯಾನು’ ಎಂಬುದನ್ನು ನಮ್ಮಮ್ಮ ನನಗೆ ಅನ್ನದ ಜೊತೆ ಕಲಸಿ ತಿನ್ನಿಸಿದ್ದಳು. ನುಂಗುವುದು ನಮ್ಮ ವಿದ್ಯೆ. ಕಷ್ಟ ಬಂದರೆ ನುಂಗು, ಅವಮಾನವಾದರೆ ನುಂಗು, ಬಾಂಬು ಬಿದ್ದರೂ ನುಂಗು. ಹಾಗೆ ನುಂಗಿ ನುಂಗಿ ನಾನು ಊರಿಗೆಲ್ಲ ತಾಳ್ಮೆಯವಳು ಎನಿಸಿಕೊಂಡಿದ್ದೆ. ಒಳಗೆ ಹೋದದ್ದು ಎಲ್ಲಿ ಕೂರುತ್ತದೆಂದು ಯಾರಿಗೆ ಗೊತ್ತು?

ಬೇಕರಿಯಮ್ಮ ಗಡಿಯಾಚೆಯಿಂದ ಬಂದವಳು. ಅಲ್ಲಿ ಗಂಡ ಹೆಂಡತಿ ಸೇರಿ ಬ್ರೆಡ್ಡಿನ ಅಂಗಡಿ ನಡೆಸುತ್ತಿದ್ದರಂತೆ. ಅಂಗಡಿ ಸುಟ್ಟುಹೋಯಿತು, ಗಂಡ ಏನಾದನೋ ಗೊತ್ತಿಲ್ಲ, ಎರಡು ವರ್ಷದಿಂದ ಸುದ್ದಿಯಿಲ್ಲ. ಇಷ್ಟಾದವಳು ಮೆಟ್ಟಿಲ ಕೆಳಗೆ ಬಂದು ಏನು ಮಾಡುತ್ತಾಳೆ? ಗೋಡೆಗೆ ಒರಗಿ ಕುಳಿತು ನಿದ್ದೆ ಮಾಡುತ್ತಾಳೆ! ಮಲಗುವುದೂ ಬೇಡ, ದಿಂಬೂ ಬೇಡ. ಹೊರಗೆ ಭೂಮಿ ಅದುರುತ್ತಿದ್ದರೆ ಆಕೆಯ ಗದ್ದ ನಿಧಾನಕ್ಕೆ ಎದೆಗೆ ಇಳಿಯುತ್ತದೆ.

ಸೈರನ್ ನಿಂತ ಕೂಡಲೇ ಎಲ್ಲರ ಬಿ.ಪಿ. ನೋಡಿ ಬರೆದಿಡಬೇಕೆಂದು ಆಸ್ಪತ್ರೆಯವರ ಆಜ್ಞೆ. ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ, ಸೈರನ್ ಆದರೆ ಇನ್ನೊಮ್ಮೆ. ಕಟ್ಟಡಕ್ಕೊಂದು ಮೆಷಿನ್, ಒಂದು ಗೆರೆ ಹಾಕಿದ ಪುಸ್ತಕ. ಪುಸ್ತಕ ನನ್ನ ವಶದಲ್ಲಿತ್ತು. ಐವತ್ತೆರಡನೇ ವಯಸ್ಸಿಗೆ ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿತ ನನ್ನ ಬರಹ ದುಂಡಗಿದೆ, ಅಂಕಿಗಳು ಮಣಿ ಪೋಣಿಸಿದಂತಿವೆ ಎಂದು ಸಿಸ್ಟರೇ ಅದನ್ನು ನನಗೆ ಒಪ್ಪಿಸಿದ್ದರು. ಗಡಿಯಾರದವರು ನನ್ನನ್ನು ‘ಪುಸ್ತಕದಕ್ಕ’ ಎಂದೇ ಕರೆಯುತ್ತಿದ್ದರು.

ಅಂದು ಸೈರನ್ ನಿಂತ ಮೇಲೆ ತೋಳಿಗೆ ಪಟ್ಟಿ ಸುತ್ತಿ ಒಬ್ಬೊಬ್ಬರದಾಗಿ ನೋಡಿದೆ. ಡ್ರೈವರಣ್ಣನದು ನೂರಾ ಐವತ್ತೆರಡು. ಗಡಿಯಾರದವರದು ನೂರಾ ನಲವತ್ತಾರು. ಬೇಕರಿಯಮ್ಮನ ತೋಳಿನಲ್ಲಿ ಮೆಷಿನ್ ಉಬ್ಬಿ, ಇಳಿದು, ಇನ್ನೂ ಇಳಿದು, ಕೊನೆಗೆ ನಿಂತಿತು. ನೂರಾ ನಾಲ್ಕು, ಕೆಳಗೆ ಅರವತ್ತಾರು.

“ಭೇಷ್! ಮಗುವಿನ ಬಿ.ಪಿ. ಕಣಮ್ಮ ನಿಂದು” ಎಂದರು ಡ್ರೈವರಣ್ಣ.

ನಾನು ಕಿಟಕಿಯ ಕಡೆ ತಿರುಗಿ, ಉಳಿದವರಿಗೆ ಬೆನ್ನು ಮಾಡಿ, ನನ್ನದನ್ನು ನೋಡಿಕೊಂಡೆ. ನೂರಾ ಎಪ್ಪತ್ತೆರಡು.

* * *

ಆಕೆ ಬರುವುದಕ್ಕೆ ಮುಂಚೆ ಈ ಕಟ್ಟಡದಲ್ಲಿ ಮಾದರಿ ರೋಗಿ ನಾನಾಗಿದ್ದೆ. ಸಿಸ್ಟರ್ ಮಂಗಳವಾರ ಬಂದರೆ, “ಅಮ್ಮನ್ನ ನೋಡಿ ಕಲೀರಿ, ಒಂದು ಹೊತ್ತು ಮಾತ್ರೆ ತಪ್ಪಿಸಲ್ಲ, ಒಂದು ದಿನ ಕೂಗಾಡಲ್ಲ” ಎನ್ನುತ್ತಿದ್ದರು. ಈ ಸಿಸ್ಟರ್ ಮೊದಲು ಹೆರಿಗೆ ವಾರ್ಡಿನಲ್ಲಿದ್ದವರು. ಹೃದಯದ ವಾರ್ಡಿನ ಅನುಭವಸ್ಥರೆಲ್ಲ ಗಡಿಯ ಆಸ್ಪತ್ರೆಗಳಿಗೆ ಹೋಗಿದ್ದರಿಂದ ಇವರಿಗೆ ಮೂರು ಕಟ್ಟಡಗಳ ಭಾರ ಬಿದ್ದಿತ್ತು. ಮುಟ್ಟಿ ನೋಡುವಷ್ಟು ಪುರುಸೊತ್ತಿಲ್ಲ. ನಿಂತ ಕಾಲಿನಲ್ಲೇ ಪುಸ್ತಕ ತಿರುವಿ, ಡಾಕ್ಟರಿಗೆ ವರದಿ ಒಯ್ದು, ಮಾತ್ರೆ ಹೆಚ್ಚು ಕಡಿಮೆ ಮಾಡಿಸಿಕೊಂಡು ಬರುತ್ತಿದ್ದರು.

ಬೇಕರಿಯಮ್ಮ ಬಂದ ಎರಡನೇ ಮಂಗಳವಾರ ಅವರು ಪುಸ್ತಕ ನೋಡಿ ಹುಬ್ಬೇರಿಸಿದರು. “ನೂರಾ ಎಂಟು! ನೂರಾ ಆರು! ಇಷ್ಟೆಲ್ಲ ಅನುಭವಿಸಿ ಬಂದವರು ಹೇಗಮ್ಮ ಇಷ್ಟು ಶಾಂತವಾಗಿದೀರಿ?”

“ನಿದ್ದೆ ಬರುತ್ತೆ” ಎಂದಳು ಆಕೆ. “ನಿನಗೂ ಬೇಕು ನಿದ್ದೆ. ಕಣ್ಣು ನೋಡು, ಹೇಗಾಗಿದೆ.”

ಸಿಸ್ಟರ್ ಕಿಲಕಿಲ ನಕ್ಕರು. ಆಕೆ ನಮ್ಮ ಭಾಷೆಯನ್ನು ನಿರಾಶ್ರಿತರ ಸಾಲುಗಳಲ್ಲಿ ನಿಂತು ಕಲಿತವಳು. ‘ನೀವು’ ಎಂಬುದು ಆಕೆಯ ಬಾಯಿಗೆ ಬಂದೇ ಇರಲಿಲ್ಲ. ಡಾಕ್ಟರಿಗೂ ನೀನು, ಅಧಿಕಾರಿಗೂ ನೀನು, ದೇವರಿಗೂ ನೀನು. ಎಲ್ಲರಿಗೂ ಅದು ಮುದ್ದು. ನಾನು ಹಾಗೆ ಒಂದೇ ಒಂದು ಸಲ ಅಂದಿದ್ದರೆ ಮರ್ಯಾದೆ ಗೊತ್ತಿಲ್ಲದ ಮುದುಕಿ ಎನ್ನುತ್ತಿದ್ದರು!

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಅರವತ್ತೊಂಬತ್ತು ವರ್ಷ ಸರಿಯಾಗಿ ಗೊತ್ತಿರಲಿಲ್ಲ. ನನಗಿಂತ ಹೆಚ್ಚು ಹಣವಿದ್ದವರನ್ನು ನೋಡಿ, ಗಂಡ ಬದುಕಿದ್ದವರನ್ನು ನೋಡಿ, ಬೇಜಾರಾಗಿದೆ, ಅಷ್ಟೇ. ಆದರೆ ತಾಳ್ಮೆ ನನ್ನ ಸೊತ್ತು. ನನಗಿದ್ದ ಒಡವೆ ಅದೊಂದೇ. ಅದನ್ನೇ ಇನ್ನೊಬ್ಬಳು ನನಗಿಂತ ಚೆನ್ನಾಗಿ ತೊಟ್ಟುಕೊಂಡು ಎದುರಿಗೆ ಓಡಾಡಿದರೆ ಹೇಗೆ ಸಹಿಸುವುದು? ಆಕೆಯ ನಿಧಾನದ ನಡಿಗೆಯನ್ನು ನೋಡಿ ಉರಿದೆ. ಅಳತೆಗಿಂತ ದೊಡ್ಡ ಚಪ್ಪಲಿ ಹಾಕಿಕೊಂಡು ದೊರೆಸಾನಿಯಂತೆ ಕಾಲೆಳೆಯುವುದನ್ನು ನೋಡಿ ಉರಿದೆ. ಕುಳಿತಲ್ಲೇ ನಿದ್ದೆ ಹೋಗುವ ಪುಣ್ಯಕ್ಕಂತೂ ಉರಿದುಹೋದೆ. ನಾನೋ ಹಾಸಿಗೆಯ ಮೇಲೆ ಬಿದ್ದು ಸೂರು ನೋಡುವವಳು.

ಇದರ ಮೇಲೆ ಮಗಳ ಕಾಗದ. ನನಗೆ ಒಬ್ಬಳೇ ಮಗಳು. ನರ್ಸು. ಗಡಿಯ ಹತ್ತಿರದ ಆಸ್ಪತ್ರೆಯಲ್ಲಿ ಒಂದು ವರ್ಷದಿಂದ ಇದ್ದಳು. ನಾನೇ ಪೆದ್ದಿ, ಬೇಕರಿಯಮ್ಮ ಬಂದ ಮೇಲಿನ ಮೊದಲ ಕಾಗದದಲ್ಲೇ ಆಕೆಯ ವಿಷಯ ಬರೆದಿದ್ದೆ. ಮಗಳ ಉತ್ತರ ಬಂತು: ‘ಆ ಅಮ್ಮನ ಧೈರ್ಯ ಓದಿ ನಮ್ಮ ವಾರ್ಡಿನವರಿಗೆಲ್ಲ ಹೇಳಿದೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ನೀನೂ ಅವರ ಹಾಗೇ ಇರಮ್ಮ.’

ನೀನೂ ಅವರ ಹಾಗೇ ಇರಮ್ಮ! ನಾನು ಆ ನಮಸ್ಕಾರವನ್ನು ತಲುಪಿಸಲಿಲ್ಲ. ಮುಂದಿನ ಕಾಗದದಲ್ಲಿ ಬಂದದ್ದನ್ನೂ ತಲುಪಿಸಲಿಲ್ಲ. ಸೆರಗಿನ ಗಂಟಿನಲ್ಲಿ ಚಿಲ್ಲರೆ ಕಟ್ಟಿಟ್ಟುಕೊಂಡಂತೆ ಇಟ್ಟುಕೊಂಡೆ.

ಪುಸ್ತಕ ನನ್ನ ಕೈಯಲ್ಲೇ ಇತ್ತಲ್ಲ. ಮೊದಲ ದಿನ ನೂರಾ ಎಪ್ಪತ್ತೆರಡನ್ನು ನೂರಾ ಅರವತ್ತೆಂಟು ಎಂದು ಬರೆದೆ. ಅಂಕಿ ಎಂದಿನಂತೆ ದುಂಡಗೇ ಬಂತು. ಒಮ್ಮೆಲೇ ಇಳಿಸಿದರೆ ಯಾರಿಗಾದರೂ ಅನುಮಾನ ಬರುತ್ತದೆ. ನಾನೋ ತಾಳ್ಮೆಯವಳು. ದಿನಕ್ಕೆ ಒಂದೋ ಎರಡೋ ಇಳಿಸುತ್ತ ಬಂದೆ. ನಡುನಡುವೆ ಒಂದು ದಿನ ಸ್ವಲ್ಪ ಏರಿಸಿ, ಮತ್ತೆ ಇಳಿಸಿ. ಆರು ವಾರ ಕಳೆಯುವಷ್ಟರಲ್ಲಿ ಪುಸ್ತಕದಲ್ಲಿ ನನ್ನ ಬಿ.ಪಿ. ನೂರಾ ಇಪ್ಪತ್ತಾರಾಗಿತ್ತು. ಯಾರದ್ದನ್ನೂ ತಿದ್ದಲಿಲ್ಲ, ನನ್ನದನ್ನು ಮಾತ್ರ. ಬೇಕರಿಯಮ್ಮನ ನೂರಾ ನಾಲ್ಕನ್ನು ಮುಟ್ಟುವ ತನಕ ಇಳಿಸುತ್ತಿದ್ದೆನೋ ಏನೋ.

“ಅಬ್ಬಾ, ನೋಡಿದಿರಾ? ಬೇಕರಿಯಮ್ಮನ ಸಹವಾಸ ನಿಮಗೂ ಹಿಡಿಸ್ತು” ಎಂದರು ಸಿಸ್ಟರ್. ಆಗಲೂ ಹೊಗಳಿಕೆ ಹೋದದ್ದು ಆಕೆಗೇ! ಮುಂದಿನ ವಾರ ಡಾಕ್ಟರ ಚೀಟಿ ತಂದರು. ನನ್ನ ಮಾತ್ರೆ ಅರ್ಧಕ್ಕೆ ಇಳಿದಿತ್ತು. ಮಾತ್ರೆಗೆ ಕೊರತೆಯಿದ್ದ ಕಾಲ. ಉಳಿದದ್ದು ಇನ್ನೊಬ್ಬರಿಗೆ ಆಗುತ್ತದೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು ನುಂಗಿದೆ. ಕತ್ತಿನ ಹಿಂದೆ ಸುತ್ತಿಗೆಯಲ್ಲಿ ಕುಟ್ಟಿದಂತಾಗುತ್ತಿತ್ತು, ಅದನ್ನೂ ನುಂಗಿದೆ.

ಅದೇ ವಾರ ಮಗಳ ಮೂರನೇ ಕಾಗದ ಬಂತು.

‘ಅಮ್ಮಾ, ಹೊಸ ಆದೇಶ ಬಂದಿದೆ. ಒಬ್ಬಳೇ ಮಗಳಾಗಿದ್ದು, ತಾಯಿಗೆ ಹೃದಯದ ಕಾಯಿಲೆ ಜೋರಾಗಿದ್ದರೆ ಊರಿನ ಆಸ್ಪತ್ರೆಗೆ ವರ್ಗ ಕೇಳಬಹುದು. ನಿನ್ನ ಬಿ.ಪಿ. ಪುಸ್ತಕದ ಒಂದು ಹಾಳೆಗೆ ಸಿಸ್ಟರ ಸಹಿ ಹಾಕಿಸಿ ಕಳಿಸು. ತಿಂಗಳ ಇಪ್ಪತ್ತೈದರೊಳಗೆ ಅಲ್ಲಿಂದ ಅಂಚೆಗೆ ಬೀಳಬೇಕು. ಹೋದ ವಾರ ನಮ್ಮ ಪಕ್ಕದ ಡೇರೆಗೆ ಪೆಟ್ಟು ಬಿತ್ತು. ನನಗೇನೂ ಆಗಿಲ್ಲ. ನಿಜ ಹೇಳಬೇಕೆಂದರೆ ನನಗೆ ಮನೆಗೆ ಬರಬೇಕು ಅನ್ನಿಸಿದೆ. ಬೇಕರಿ ಅಮ್ಮನಿಗೆ ನಮಸ್ಕಾರ.’

ನಾನು ಪುಸ್ತಕ ತೆಗೆದು ನೋಡಿದೆ. ನೂರಾ ಇಪ್ಪತ್ತೆಂಟು, ನೂರಾ ಇಪ್ಪತ್ತಾರು, ನೂರಾ ಇಪ್ಪತ್ತಾರು. ಮಣಿ ಪೋಣಿಸಿದಂಥ ಅಂಕಿಗಳು. ಈ ಹಾಳೆ ಕಳಿಸಿದರೆ ಅಧಿಕಾರಿಗಳು, ನಿಮ್ಮ ತಾಯಿ ಕಲ್ಲುಗುಂಡಿನ ಹಾಗಿದ್ದಾರೆ ಎಂದು ಮಗಳನ್ನು ಅಲ್ಲೇ ಉಳಿಸಿಕೊಳ್ಳುತ್ತಾರೆ. ನಿಜ ಬರೆಯಬೇಕೆಂದರೆ ಮೊದಲು ಸಿಸ್ಟರ ಮುಂದೆ, ಇವರೆಲ್ಲರ ಮುಂದೆ, ಆಕೆಯ ಮುಂದೆ ಬಾಯಿಬಿಡಬೇಕು.

ಉತ್ತರವನ್ನು ನಾಲ್ಕು ಸಲ ಶುರು ಮಾಡಿದೆ. ‘ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು’ ಎಂದು ಬರೆದ ಮೇಲೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎಂದು ತಾಳಿದೆ. ಹನ್ನೆರಡನೇ ತಾರೀಕು ಹೋಯಿತು, ಹದಿನಾರು ಹೋಯಿತು.

“ಕಾಗದ ಬಂತಲ್ಲ ಅಕ್ಕಾ, ಮಗಳಿಗೆ ಬರೆದೆಯಾ?” ಎಂದು ಬೇಕರಿಯಮ್ಮ ಎರಡು ಸಲ ಕೇಳಿದಳು.

“ಬರೀತೀನಿ. ನಿನಗ್ಯಾಕೆ ಅದೆಲ್ಲ?”

“ನನಗೆ ಕಾಗದ ಬರಲ್ಲ. ಅದಕ್ಕೆ ನಿನ್ನದು ಕೇಳ್ತೀನಿ” ಎಂದು ಹೇಳಿ ಆಕೆ ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದಳು. ಚುಚ್ಚಿ ಹೇಳಿದಳೆಂದೇ ನನಗೆ ಆಗ ತೋರಿತು.

* * *

ಹದಿನೇಳನೇ ತಾರೀಕು, ಬೆಳಗಿನ ತಿಂಡಿಯ ಹೊತ್ತು. ಸೈರನ್ ಕೂಗಿತು, ನಾಲ್ವರೂ ಮೆಟ್ಟಿಲ ಕೆಳಗೆ ಸೇರಿದೆವು. ಬಾಂಬು ಎಲ್ಲೋ ಹತ್ತಿರದಲ್ಲೇ ಬಿತ್ತು. ಮೇಲಿನಿಂದ ಸುಣ್ಣ ಉದುರಿ ನಮ್ಮ ತಲೆಯೆಲ್ಲ ಬೆಳ್ಳಗಾಯಿತು.

“ವಯಸ್ಸಾಗಿದೆ ಅಂತ ಈಗ ಗೊತ್ತಾಗ್ತಿದೆ ನೋಡಿ” ಎಂದರು ಗಡಿಯಾರದವರು ಕೂದಲು ಕೊಡವಿಕೊಳ್ಳುತ್ತ. ಡ್ರೈವರಣ್ಣ ಆಗಲೇ ದೇವರನ್ನೂ ಮಗನನ್ನೂ ಒಟ್ಟಿಗೆ ಕರೆಯತೊಡಗಿದ್ದರು. ನಾನು ಬೆಂಚಿನ ಅಂಚು ಹಿಡಿದು ಕಣ್ಣು ಮುಚ್ಚಿ ನುಂಗುತ್ತಿದ್ದೆ. ಕಣ್ಣು ತೆರೆದಾಗ ಪಕ್ಕದಲ್ಲಿ ಬೇಕರಿಯಮ್ಮ ಗದ್ದವನ್ನು ಎದೆಗೆ ಇಳಿಸಿ ನಿದ್ದೆ ಹೋಗಿದ್ದಳು. ಸುಣ್ಣದ ಪುಡಿ ರೆಪ್ಪೆಯ ಮೇಲೆ ಬಿದ್ದಿದ್ದರೂ ಒರೆಸಿಕೊಂಡಿರಲಿಲ್ಲ.

ಇದಕ್ಕೂ ನಿದ್ದೆಯಾ! ಪುಣ್ಯವಂತೆ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಒಳಗೇ ಶಪಿಸಿ, ಬೇಕೆಂದೇ ಮುಖ ಆ ಕಡೆ ತಿರುಗಿಸಿ ಕುಳಿತೆ. ಹತ್ತು ನಿಮಿಷ ಹಾಗೆ ಕುಳಿತಿದ್ದೆ. ಆ ಹತ್ತು ನಿಮಿಷವನ್ನು ನಾನು ಇವತ್ತಿಗೂ ಬಲ್ಲೆ. ನೋಡಬಾರದೆಂದು ಹಟ ಹಿಡಿದು ಕಳೆದ ಹೊತ್ತು ಅದು.

ಸೈರನ್ ನಿಂತಿತು. ನಾನು ಮೆಷಿನ್ ತೆಗೆದೆ. ಬೇಕರಿಯಮ್ಮ ಏಳಲಿಲ್ಲ. ಎಬ್ಬಿಸುವುದೇಕೆ, ಮಲಗಿದ್ದಾಗಲೇ ನೋಡೋಣವೆಂದು ತೋಳಿಗೆ ಪಟ್ಟಿ ಸುತ್ತಿದೆ. ತೋಳು ತಣ್ಣಗಿತ್ತು. ಮೆಷಿನ್ ಉಬ್ಬಿತು, ಇಳಿಯಿತು, ಇಳಿಯುತ್ತಲೇ ಹೋಯಿತು. ಎಂಬತ್ತೆರಡು, ಕೆಳಗೆ ಐವತ್ತು.

ಪಾಪಿ ಮನಸ್ಸು ನೋಡಿ, ಆಗ ನನಗೆ ಮೊದಲು ಹೊಳೆದದ್ದು, ಅಯ್ಯೋ, ಇಷ್ಟು ಕಡಿಮೆ ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲವಲ್ಲ ಎಂದು! ಪುಸ್ತಕದಲ್ಲಿ ಬರೆಯಲು ಪೆನ್ನೂ ತೆಗೆದೆ.

“ಅಕ್ಕಾ” ಎಂದರು ಡ್ರೈವರಣ್ಣ. ಅವರ ಅಳು ನಿಂತುಹೋಗಿತ್ತು. “ಅವರ ತುಟಿ ನೋಡಿ.”

ತುಟಿ ನೀಲಿಗಟ್ಟಿತ್ತು. ಗಡಿಯಾರದವರು ಆಕೆಯ ಮಣಿಕಟ್ಟು ಹಿಡಿದು ತಮ್ಮ ವಾಚು ನೋಡಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಬಾಯಿಂದ ನಗೆಮಾತು ಬರಲಿಲ್ಲ. “ಇದು ನಿದ್ದೆ ಅಲ್ಲ. ಬಾಗಿಲು ತೆಗೀರಿ.”

ಡ್ರೈವರಣ್ಣ ಬೀದಿಗೆ ಓಡಿದರು. ಅವರು ಓಡಬಾರದಿತ್ತು. ಆದರೂ ಓಡಿ, ಅವರು ಮಾತ್ರ ಕೂಗಬಲ್ಲ ಹಾಗೆ ಕೂಗಿ, ಆಸ್ಪತ್ರೆಯ ಗೇಟಿನಿಂದ ಸ್ಟ್ರೆಚರ್ ಹಿಡಿದ ಇಬ್ಬರನ್ನು ಕರೆತಂದರು. ಎತ್ತುವಾಗ ಆಕೆಯ ಚಪ್ಪಲಿ ಕಳಚಿ ಬಿತ್ತು. ಪಾದಗಳು ಊದಿ ಹಿಟ್ಟಿನ ಉಂಡೆಯಂತಾಗಿದ್ದವು. ಚಪ್ಪಲಿ ದೊಡ್ಡದಾಗಿದ್ದದ್ದು ಏಕೆಂದು ಆಗ ಗೊತ್ತಾಯಿತು.

ಮಧ್ಯಾಹ್ನ ಡಾಕ್ಟರು ನಮ್ಮ ಮೂವರನ್ನು ವರಾಂಡದಲ್ಲಿ ನಿಲ್ಲಿಸಿಕೊಂಡು ಹೇಳಿದರು. ಪಕ್ಕದಲ್ಲಿ ಸಿಸ್ಟರ್ ತಲೆ ತಗ್ಗಿಸಿ ನಿಂತಿದ್ದರು.

“ಬದುಕಿದ್ದಾರೆ. ಆದರೆ ಹೃದಯ ತುಂಬ ಸೋತಿದೆ. ಮೇಲಿನ ಮಹಡಿಗೆ ನೀರು ಹತ್ತಬೇಕಾದರೆ ಪಂಪಿಗೆ ಜೋರು ಬೇಕಲ್ವಾ? ಅವರ ಪಂಪಿಗೆ ಜೋರಿಲ್ಲ. ಅದಕ್ಕೇ ಅಂಕಿ ಅಷ್ಟು ಕಡಿಮೆ. ಮಲಗಿದರೆ ಉಸಿರು ಕಟ್ಟುತ್ತೆ, ಅದಕ್ಕೇ ಕೂತು ನಿದ್ದೆ ಮಾಡ್ತಿದ್ರು. ಕಡಿಮೆ ಇದೆ ಅಂತ ನಾವೂ ಸಂತೋಷಪಟ್ಟುಬಿಟ್ವಿ. ತಪ್ಪು ನಮ್ಮದೂ ಹೌದು.”

ನಾನು ವಾರಗಟ್ಟಲೆ ಹೊಟ್ಟೆ ಉರಿಸಿಕೊಂಡದ್ದು ಆಕೆಯ ಕಾಯಿಲೆಯನ್ನು ನೋಡಿ. ಅದರ ಹತ್ತಿರ ಹೋಗಬೇಕೆಂದೇ ನಾನು ಸುಳ್ಳು ಬರೆದದ್ದು.

* * *

ಮೂರನೇ ದಿನ ನೋಡಲು ಬಿಟ್ಟರು. ಬೇಕರಿಯಮ್ಮನಿಗೆ ಕಿಟಕಿಯ ಪಕ್ಕದ ಹಾಸಿಗೆ ಕೊಟ್ಟಿದ್ದರು. ಬೆನ್ನಿಗೆ ಮೂರು ದಿಂಬು. ಇಬ್ಬರು ನರ್ಸುಗಳು ಆಕೆ ಹೇಳಿದ ಏನೋ ಕೇಳಿ ನಗುತ್ತಿದ್ದರು. ಸುಳ್ಳೇಕೆ ಹೇಳಲಿ, ಆಗಲೂ ಒಳಗೆ ಸಣ್ಣಗೆ ಚುರ್ ಎಂದಿತು. ನಾನು ಮೂವತ್ತೊಂದು ವರ್ಷ ಈ ಆಸ್ಪತ್ರೆಯ ದಿಂಬಿನ ಹೊದಿಕೆ ಒಗೆದೆ. ನನಗೆ ಎಂದಾದರೂ ಕಿಟಕಿಯ ಹಾಸಿಗೆ ಸಿಕ್ಕಿತ್ತೇ?

ಸ್ಟೂಲ್ ಎಳೆದು ಕುಳಿತೆ. ಹೇಗಿದ್ದೀಯ ಎಂದು ಕೇಳಲಿಲ್ಲ. ಬೇರೆ ಏನನ್ನಾದರೂ ಕೇಳಿದರೆ ಮತ್ತೆ ನುಂಗಿಬಿಡುತ್ತೇನೆ ಎಂದು ಹೆದರಿ ನೇರವಾಗಿ ಹೇಳಿದೆ.

“ನನ್ನ ಮಗಳು ನಿನಗೆ ನಮಸ್ಕಾರ ಹೇಳಿದಾಳೆ. ಮೂರು ಸಲ. ನಾನು ಹೇಳ್ಲಿಲ್ಲ.”

“ಮರೆತೆಯಾ?”

“ಇಲ್ಲ. ಕೊಡೋಕೆ ಮನಸ್ಸಾಗ್ಲಿಲ್ಲ.”

ಆಕೆ ನನ್ನನ್ನೇ ನೋಡಿದಳು. “ಬ್ರೆಡ್ಡು ಮೂರು ದಿನಕ್ಕೆ ಹಳಸುತ್ತೆ. ನಮಸ್ಕಾರ ಹಳಸಲ್ಲ ಅಕ್ಕಾ. ಈಗ ಕೊಡು.”

“ಇಷ್ಟೇ ಅಲ್ಲ. ನಿನ್ನ ನೂರಾ ನಾಲ್ಕು ನೋಡಿ ನನಗೆ ಹೊಟ್ಟೆಕಿಚ್ಚಾಗಿ ಪುಸ್ತಕದಲ್ಲಿ ನನ್ನದನ್ನ ಇಳಿಸಿ ಇಳಿಸಿ ಬರೆದೆ. ನಿಜವಾಗ್ಲೂ ನನ್ನದು ನೂರಾ ಎಂಬತ್ತರ ಹತ್ರ ಇದೆ. ಅವತ್ತು ಮೆಟ್ಟಿಲ ಕೆಳಗೆ ನೀನು ಮಲಗಿದೀಯ ಅಂತ ಹೊಟ್ಟೆ ಉರಿದು ಮುಖ ತಿರುಗಿಸ್ಕೊಂಡೆ. ಇಲ್ದಿದ್ರೆ ಹತ್ತು ನಿಮಿಷ ಮುಂಚೆ ಗೊತ್ತಾಗ್ತಿತ್ತು.”

ಆಕೆ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿದಳು. ಸಿಟ್ಟು ಬಂದಿದೆ, ಬೈಯಲಿ ಎಂದು ಕಾದೆ. ಬೈದರೆ ನನಗೂ ಸಮಾಧಾನವಾಗುತ್ತಿತ್ತು.

“ನಾನು ಮೆಟ್ಟಿಲ ಕೆಳಗೆ ಶಾಂತಿಯಲ್ಲಿ ಇರಲಿಲ್ಲ” ಎಂದಳು ಕೊನೆಗೆ, ಒಂದೊಂದೇ ಮಾತನ್ನು ಹುಡುಕಿ ಎತ್ತಿಡುತ್ತ. “ನಮ್ಮ ಕಡೆ, ಅಂಗಡಿ ಸುಟ್ಟ ದಿನ, ಎಲ್ಲ ಕೂಗಿದೆ. ಇನ್ನು ಕೂಗು ಉಳಿದಿಲ್ಲ. ಭಯ ಪಡೋಕೂ ಶಕ್ತಿ ಬೇಕು ಅಕ್ಕಾ. ನೀನು ನಡುಗ್ತಿದ್ದೆ, ಡ್ರೈವರ್ ಅಳ್ತಿದ್ದ. ನೋಡಿ ಅಂದ್ಕೋತಿದ್ದೆ, ಇವರಿಗೆ ಕಳ್ಕೊಳ್ಳೋಕೆ ಇನ್ನೂ ಏನೋ ಇದೆ, ಅದಕ್ಕೆ ಹೆದರ್ತಾರೆ. ನನಗೆ ನಿನ್ನ ಮೇಲೆ ಸಿಟ್ಟು ಬರ್ತಿತ್ತು. ಮಗಳ ಕಾಗದ ಇಟ್ಕೊಂಡು ಉತ್ತರ ಬರೆಯಲ್ಲ ಇವಳು, ಅಂತ.”

“ಬರೆದ್ರೆ ಸುಳ್ಳು ಬರೀಬೇಕಿತ್ತು.” ವರ್ಗದ ವಿಷಯ, ಹಾಳೆಯ ವಿಷಯ, ಇಪ್ಪತ್ತೈದನೇ ತಾರೀಕಿನ ವಿಷಯ ಎಲ್ಲ ಹೇಳಿದೆ.

“ಇವತ್ತು ಎಷ್ಟು?”

“ಇಪ್ಪತ್ತು.”

ಆಕೆ ದಿಂಬಿನಿಂದ ಬೆನ್ನೆತ್ತಿದಳು. ಉಸಿರಿಗೆ ತಡಕಾಡಿದರೂ ದನಿ ಜೋರಾಗಿಯೇ ಬಂತು. “ಹಾಗಾದ್ರೆ ಇಲ್ಲಿ ಕೂತು ಏನ್ ಮಾಡ್ತಿದೀಯ? ನನ್ನ ಹತ್ರ ಇರೋದು ಬರೀ ನಿದ್ದೆ. ನಿನ್ನ ಹತ್ರ ಮಗಳಿದಾಳೆ. ಬದಲಾಯಿಸೋಣವಾ? ಇಲ್ಲ ಅಲ್ವಾ? ಎದ್ದೇಳು!”

ಇಡೀ ವಾರ್ಡು ತಿರುಗಿ ನೋಡಿತು. ನಾನು ಎದ್ದೆ.

* * *

ಸಿಸ್ಟರ್ ವರಾಂಡದ ಕೊನೆಯ ಮೇಜಿನಲ್ಲಿದ್ದರು. ಪುಸ್ತಕವನ್ನು ಅವರ ಮುಂದಿಟ್ಟು, “ನನ್ನದು ಪೂರ್ತಿ ಸುಳ್ಳು ಸಿಸ್ಟರ್” ಎಂದೆ. ಅವರು ಮೊದಲು ನಂಬಲಿಲ್ಲ. ತೋಳು ಎಳೆದು ಪಟ್ಟಿ ಸುತ್ತಿದರು. ನೂರಾ ಎಂಬತ್ತನಾಲ್ಕು, ಕೆಳಗೆ ನೂರಾ ಎರಡು. ಮುಖ ಕೆಂಪಾಯಿತು.

“ಮಗಳ ವಯಸ್ಸಿನವಳು ನಾನು ನಿಮಗೆ ಬೈಬೇಕಾ? ಇದನ್ನ ನೋಡಿ ಮಾತ್ರೆ ಇಳಿಸಿದ್ದು ನಾವು! ರಸ್ತೆಯಲ್ಲಿ ಬಿದ್ದು ಹೋಗಿದ್ರೆ ಯಾರು ಜವಾಬ್ದಾರಿ?”

“ಬೈಯಿರಿ. ಬೈದು ಆದ್ಮೇಲೆ ಒಂದು ಸಹಿ ಬೇಕು.”

ಅವರು ಬೈದರು. ಹೆರಿಗೆ ವಾರ್ಡಿನಲ್ಲಿ ಕಲಿತ ಬೈಗುಳ, ಯಾವುದನ್ನೂ ಉಳಿಸಲಿಲ್ಲ. ಹಳೇ ಹಾಳೆಗೆ ಸಹಿ ಹಾಕುವಂತಿಲ್ಲ, ಮೂರು ದಿನ ಬೆಳಿಗ್ಗೆ ಸಂಜೆ ತಾವೇ ನೋಡಿ ತಮ್ಮ ಕೈಯಲ್ಲೇ ಬರೆದು ಸಹಿ ಹಾಕುತ್ತೇನೆ ಎಂದರು. ಮಾತ್ರೆ ಮೊದಲಿನಂತಾಯಿತು. ಸುಳ್ಳು ಹಾಳೆಗಳನ್ನು ನಾನು ಹರಿಯಲು ಹೋದರೆ ತಡೆದರು. “ಹರೀಬೇಡಿ. ನಿಮ್ಮ ಸಾಲಿಗೆ ಮಾತ್ರ ಒಂದೊಂದು ಗೆರೆ ಎಳೀರಿ. ಡಾಕ್ಟರು ನೋಡ್ಲಿ.”

ಸಂಜೆ ಮೆಟ್ಟಿಲ ಕೆಳಗೆ ಕುಳಿತು ಒಂದೊಂದೇ ಸಾಲಿಗೆ ಗೆರೆ ಎಳೆಯುತ್ತಿದ್ದೆ. ಇಬ್ಬರು ಗಂಡಸರೂ ಎದುರಿನ ಬೆಂಚಿನಲ್ಲಿದ್ದರು. ಅವರಿಗೂ ಹೇಳಿದೆ.

“ನಮ್ಮದೂ ತಿದ್ದಿದೀರಾ?” ಡ್ರೈವರಣ್ಣ ಕೇಳಿದರು.

“ಇಲ್ಲಪ್ಪ. ನಿಮ್ಮದು ಇದ್ದ ಹಾಗೇ ಇದೆ.”

“ಅಂದ್ರೆ ನನ್ನ ಮೇಲೆ ಯಾರಿಗೂ ಹೊಟ್ಟೆಕಿಚ್ಚಿಲ್ಲ” ಎಂದರು ಗಡಿಯಾರದವರು. “ಎಪ್ಪತ್ತು ವರ್ಷ ಬದುಕಿದ್ದು ದಂಡ.”

ಡ್ರೈವರಣ್ಣ ನಗಲಿಲ್ಲ. “ಸೈನಿಕರಿಗೆ ಆ ಆದೇಶ ಇಲ್ಲ ಅಲ್ವಾ ಅಕ್ಕಾ?” ಎಂದರು ನೆಲ ನೋಡುತ್ತ. “ನರ್ಸುಗಳಿಗೆ ಮಾತ್ರ.”

“ಹೌದು, ಅವರಿಗೆ ಮಾತ್ರ.”

“ಆಗ್ಲಿ. ನಿಮ್ಮ ಹುಡುಗಿ ಬರ್ಲಿ” ಎಂದು ಎದ್ದು ಹೋದರು. ಅಂದು ಅವರ ಬೆನ್ನಿನಲ್ಲಿ ನಾನು ಕಂಡದ್ದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ನಾನು ವಾರಗಟ್ಟಲೆ ಹೊತ್ತು ತಿರುಗಿದ್ದೆ.

ಇಪ್ಪತ್ತಮೂರನೇ ತಾರೀಕು ಸಂಜೆ ಸಹಿಯಾದ ಹಾಳೆ ಕೈಗೆ ಬಂತು. ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜು ಒರೆಸಿ, ಕನ್ನಡಕ ಏರಿಸಿ ಬರೆಯಲು ಕುಳಿತೆ.

‘ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು. ಉತ್ತರ ತಡವಾದದ್ದು ಅಂಚೆಯವರ ತಪ್ಪಲ್ಲ, ನನ್ನದು. ನನ್ನ ಬಿ.ಪಿ. ಸರಿಯಿಲ್ಲ. ಹಾಳೆ ಇಟ್ಟಿದ್ದೇನೆ, ನೋಡು. ಎಲ್ಲ ತಡೆದುಕೊಂಡಿದ್ದೇನೆ ಎಂದು ಹೋದ ಕಾಗದದಲ್ಲಿ ಬರೆದದ್ದು ಸುಳ್ಳು. ಸೈರನ್ ಕೂಗಿದರೆ ನನ್ನ ಕೈಯಿಂದ ಸಾಮಾನು ಬೀಳುತ್ತದೆ. ಬೇಕರಿಯಮ್ಮನ ಹಾಗೆ ಇರು ಎಂದು ನೀನು ಬರೆದದ್ದಕ್ಕೆ ನನಗೆ ಹೊಟ್ಟೆಕಿಚ್ಚಾಗಿ ಮಾಡಬಾರದ್ದು ಮಾಡಿದೆ. ಅದನ್ನು ನೀನು ಬಂದ ಮೇಲೆ ಹೇಳುತ್ತೇನೆ. ಅವಳು ಆಸ್ಪತ್ರೆಯಲ್ಲಿದ್ದಾಳೆ. ಅವಳ ಹೃದಯ ನನ್ನದಕ್ಕಿಂತ ಕೆಟ್ಟಿದೆ. ನಿನ್ನ ಮೂರೂ ನಮಸ್ಕಾರ ತಲುಪಿಸಿದ್ದೇನೆ. ನನಗೆ ಭಯವಾಗುತ್ತದೆ ಮಗಳೇ. ನೀನು ಬಾ.’

ಮಡಿಸಿ ಲಕೋಟೆಗೆ ಹಾಕಿದವಳು ಮತ್ತೆ ತೆಗೆದು ಕೆಳಗೆ ಒಂದು ಸಾಲು ಸೇರಿಸಿದೆ. ‘ಬಂದ ತಕ್ಷಣ ಅವಳನ್ನು ನೋಡಲು ಓಡಬೇಡ. ಮೊದಲು ನನ್ನನ್ನು ನೋಡು. ಆಮೇಲೆ ಇಬ್ಬರೂ ಸೇರಿ ಹೋಗೋಣ.’

ಅಂಚೆ ಕಚೇರಿಯಲ್ಲಿ ಗಡಿಯ ಟಪಾಲಿಗೇ ಬೇರೆ ಕಿಟಕಿ. ನನ್ನ ಮುಂದೆ ಹನ್ನೊಂದು ಜನರಿದ್ದರು. ನಿಂತು ನಿಂತು ಕಾಲು ಭಾರವಾಯಿತು. ಎರಡು ಸಲ ಗೋಡೆಗೆ ಒರಗಿ ಉಸಿರು ತೆಗೆದುಕೊಂಡೆ. ನನ್ನ ಸರದಿ ಬಂದಾಗ ಕಿಟಕಿಯ ಹಿಂದಿನ ಹೆಂಗಸು ಲಕೋಟೆಯ ತೂಕ ನೋಡಿ, ವಿಳಾಸವನ್ನು ಬೆರಳಿಟ್ಟು ಓದಿದಳು.

“ವರ್ಗದ ಅರ್ಜಿದಾ ಅಮ್ಮಾ?”

“ಹೌದು. ನಾಳೆಯೊಳಗೆ ಅಂಚೆಗೆ ಬೀಳ್ಬೇಕಂತೆ.”

“ಇವತ್ತಿನ ಮುದ್ರೆ ಹಾಕ್ತೀನಿ, ಬಿಡಿ. ಲಾರಿ ಹನ್ನೆರಡಕ್ಕೆ ಹೊರಡುತ್ತೆ.”

ಟಪ್ ಎಂದು ಮುದ್ರೆ ಬಿತ್ತು. ಲಕೋಟೆಯನ್ನು ಹಿಂದಕ್ಕೆ ಎಸೆದಳು. ಅದು ಖಾಕಿ ಚೀಲದ ಅಂಚಿಗೆ ತಾಗಿ ಒಳಗೆ ಬಿತ್ತು. “ಮುಂದಿನವರು ಬನ್ನಿ” ಎಂದಳು. ನಾನು ಜಾಗ ಬಿಟ್ಟುಕೊಟ್ಟು, ಹನ್ನೆರಡರ ತನಕ ಎದುರಿನ ಜಗಲಿಯಲ್ಲಿ ಕುಳಿತೆ. ಚೀಲ ಹೊತ್ತ ಲಾರಿ ಬೀದಿಯ ಕೊನೆಯಲ್ಲಿ ತಿರುಗಿದ ಮೇಲೆ ಎದ್ದು ಮನೆಯ ಕಡೆ ಹೊರಟೆ.